ಬೊಂಗ್ಯೋ ನೆಕ್ಕಿ ನೋಡಿದ ಕಲ್ಲು

ಕಲ್ಲಿನ ವಿಷಯದಲ್ಲಿ ಬೊಂಗ್ಯೋಗೆ ಯಾರೂ ಏನನ್ನೂ ಹೇಳಿಕೊಡುವ ಹಾಗಿರಲಿಲ್ಲ. ಹೇಳಿಕೊಡಲು ಹೋದವರಿದ್ದರು, ಬೈಸಿಕೊಂಡು ವಾಪಸು ಬಂದರು. ಪೆಂಘು ದ್ವೀಪಗಳಲ್ಲಿ ಚಳಿಗಾಲವಿಡೀ ಈಶಾನ್ಯದಿಂದ ಬೀಸುವ ಗಾಳಿ ಸಮುದ್ರದ ಉಪ್ಪನ್ನು ಹೊತ್ತು ತಂದು ಬೆಳೆಯ ಮೇಲೆ ಎರಚುತ್ತದೆ. ಅದಕ್ಕೆ ಅಡ್ಡವಾಗಿ ಹವಳಗಲ್ಲಿನ ಗೋಡೆ ಏಳದಿದ್ದರೆ ಕೋಸು ಹಾಗಿರಲಿ, ಹುಲ್ಲೂ ತಲೆಯೆತ್ತುವುದಿಲ್ಲ. ಅಂಥ ಗೋಡೆಗಳನ್ನು ಇಪ್ಪತ್ತೆರಡನೇ ವಯಸ್ಸಿನಿಂದ ಕಟ್ಟುತ್ತ ಬಂದವಳು ಅವಳು. ಗಾರೆ ಇಲ್ಲ, ಸಿಮೆಂಟಿಲ್ಲ, ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಈಗ ಅವಳಿಗೆ ಎಪ್ಪತ್ತಾರು. ಊರಿನಲ್ಲಿ ಅವಳು ಕಟ್ಟಿದ ಒಂದು ಗೋಡೆಯೂ ಇದುವರೆಗೆ ಬಿದ್ದಿಲ್ಲ. ಈ ಮಾತನ್ನು ಊರಿನವರು ಹೇಳಲೆಂದು ಅವಳು ಕಾಯುವುದಿಲ್ಲ, ತಾನೇ ಹೇಳಿಬಿಡುತ್ತಾಳೆ.

ಮೂರನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು ಬೊಂಗ್ಯೋ. 'ಆಗಲಿ, ಹೇಗೋ ಸಾಕಿದರಾಯಿತು' ಎಂದು ಅದರ ಅರ್ಥ. ಆ ಕಾಲದಲ್ಲಿ ಬೀದಿಗಿಬ್ಬರು ಬೊಂಗ್ಯೋಗಳಿದ್ದರು, ಆದ್ದರಿಂದ ಅವಳಿಗೆ ಅದರ ಬಗ್ಗೆ ಬೇಸರವೇನೂ ಇಲ್ಲ. ಹೇಗೋ ಸಾಕಿಸಿಕೊಂಡವಳು ಹೇಗೋ ಬೆಳೆದಳು, ಗಟ್ಟಿಮುಟ್ಟಾಗಿಯೇ ಬೆಳೆದಳು. ಗಾಳಿಗೆ ಮುಖವೆಲ್ಲ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡು, ಕಣ್ಣೆರಡನ್ನೇ ಹೊರಗೆ ಬಿಟ್ಟು ಅವಳು ತೋಟದಲ್ಲಿ ನಿಂತರೆ, ಆ ಕಣ್ಣು ಸಾಕು, ದಾರಿಯಲ್ಲಿ ಹೋಗುವ ಹುಡುಗರು ಸೈಕಲ್ಲಿನ ವೇಗ ತಗ್ಗಿಸುತ್ತಾರೆ.

ಹವಳಗಲ್ಲನ್ನು ಸಮುದ್ರದಿಂದ ತಂದ ಹಾಗೇ ಗೋಡೆಗೆ ಇಡುವಂತಿಲ್ಲ. ಅದರ ತೂತುತೂತಿನಲ್ಲೂ ಹುಳ, ಏಡಿ, ಚಿಪ್ಪು, ಪಾಚಿ ತುಂಬಿರುತ್ತವೆ. ಅವೆಲ್ಲ ಸತ್ತು, ಕೊಳೆತು, ನಾರಿ, ಒಣಗಿ ಉದುರಬೇಕು. ಬಿಸಿಲಿಗೂ ಮಳೆಗೂ ಬಿಟ್ಟು ಒಂದು ವರ್ಷ, ಎರಡು ವರ್ಷ ಕಾಯಬೇಕು. ಉಪ್ಪೆಲ್ಲ ಮಳೆಯಲ್ಲಿ ಇಳಿದು ಹೋದ ಮೇಲೆ ಕಲ್ಲು ಬೆಳ್ಳಗೆ, ಹಗುರಾಗಿ, ಮೂಳೆಯ ಹಾಗಾಗುತ್ತದೆ. ಹದವಾಯಿತೋ ಇಲ್ಲವೋ ಎಂದು ತಿಳಿಯಲು ಬೊಂಗ್ಯೋಳ ಅತ್ತೆಯ ಕಾಲದಿಂದ ಇದ್ದದ್ದು ಒಂದೇ ಪರೀಕ್ಷೆ. ಕಲ್ಲನ್ನು ನೆಕ್ಕಿ ನೋಡುವುದು. ನಾಲಿಗೆಗೆ ಉಪ್ಪು ಹತ್ತಿದರೆ ಇನ್ನೂ ಕಾಯಬೇಕು, ಹತ್ತದಿದ್ದರೆ ಗೋಡೆಗೆ ಇಡಬಹುದು. ಈಗ ಸಮುದ್ರದಿಂದ ಹಾಗೆಲ್ಲ ಕಲ್ಲು ಎತ್ತುವಂತಿಲ್ಲ. ಹಳೆಯ ಗೋಡೆಗಳ ಕಲ್ಲನ್ನೇ ಬಿಚ್ಚಿ ಕಟ್ಟಬೇಕು. ನಾಲಿಗೆಗೆ ಕೆಲಸವಿಲ್ಲದೆ ಮೂವತ್ತು ವರ್ಷವಾಯಿತು ಎಂದು ಅವಳು ಆಗಾಗ ಗೊಣಗುತ್ತಿದ್ದಳು. ಬೈಯುವುದಕ್ಕೆ ಬಳಸುತ್ತಿದ್ದುದನ್ನು ಅವಳು ಕೆಲಸವೆಂದು ಲೆಕ್ಕ ಹಿಡಿದಿರಲಿಲ್ಲ.

ಇಂಥವಳ ಮನೆಯ ಹಿತ್ತಿಲಿಗೆ ಒಂದು ದಿನ ಸೊಸೆ ಚೈಹಾ, ಹೊರಗಿನಿಂದ ಪರವಾನಗಿಯ ಮೇಲೆ ತರಿಸಿದ ನಾಲ್ಕು ಪೆಟ್ಟಿಗೆ ಹಸಿ ಹವಳಗಲ್ಲು ತಂದು ಇಳಿಸಿದಳು.

ಚೈಹಾಳ ಗಂಡ, ಅಂದರೆ ಬೊಂಗ್ಯೋಳ ಮಗ, ಹಡಗಿನ ಇಂಜಿನ್ನು ನೋಡಿಕೊಳ್ಳುವವನು. ವಾರದಲ್ಲಿ ಎರಡು ದಿನ ಮನೆ, ಐದು ದಿನ ನೀರು. ಚೈಹಾ ಮಾಗೊಂಗ್ ಪೇಟೆಯ ಒಂದು ಮೀನಿನಂಗಡಿಯಲ್ಲಿ ಒಂಬತ್ತು ವರ್ಷ ದುಡಿದಿದ್ದಳು. ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನು. ಆ ಅಂಗಡಿ ಮುಚ್ಚಿದ ಮೇಲೆ ಸ್ವಂತಕ್ಕೆ ಕೆಲಸ ಹಿಡಿಯುತ್ತೇನೆಂದು ಹೊರಟಿದ್ದಳು. ಮೊದಲ ಕೆಲಸ ಕೊಟ್ಟವರು ಅತ್ತೆಯ ಊರಿನವರೇ ಆದ ಸಿನ್ ಮೇಷ್ಟ್ರು.

ಸಿನ್ ಮೇಷ್ಟ್ರು ಮದುವೆಯಾದವರಲ್ಲ. ಅವರ ಸಂಸಾರವೆಂದರೆ ಎರಡು ಕೋಡಂಗಿ ಮೀನು, ಕಿತ್ತಳೆ ಮೈ, ಬಿಳಿ ಪಟ್ಟೆ. ದೊಡ್ಡದು ಹೆಣ್ಣು, ಅದರ ಹೆಸರು ಹೆಡ್‌ಮಿಸ್ಟ್ರೆಸ್. ಚಿಕ್ಕದು ಗಂಡು, ಅದರ ಹೆಸರು ಜವಾನ. ಹದಿನೇಳು ವರ್ಷದಿಂದ ಇಬ್ಬರೂ ಅವರ ಜೊತೆಗಿದ್ದರು. ಆ ಜಾತಿಯಲ್ಲಿ ಹೆಣ್ಣೇ ಯಜಮಾನಿ ಎಂದು ಚೈಹಾ ಹೇಳಿದಾಗ ಬೊಂಗ್ಯೋ, "ಸರಿಯಾಗೇ ಇದೆಯಲ್ಲ, ಅದರಲ್ಲೇನು ವಿಶೇಷ?" ಎಂದಿದ್ದಳು. ಬೇಸಿಗೆಯ ಕೊನೆಯಲ್ಲಿ ಮೇಷ್ಟ್ರ ಹಳೆಯ ತೊಟ್ಟಿ ಬಿರುಕು ಬಿಟ್ಟಿತು. ಮೀನೆರಡನ್ನೂ ಅಡುಗೆಮನೆಯ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ದಿನಾ ಎರಡು ಕ್ಯಾನು ಸಮುದ್ರದ ನೀರು ಹೊತ್ತು ತಂದು ಬದಲಾಯಿಸುತ್ತ, ಹೊಸ ತೊಟ್ಟಿಗಾಗಿ ಅವರು ಕಾಯುತ್ತಿದ್ದರು. ಆ ಮೀನು ಉಳಿದರೆ ಚೈಹಾಳ ಕೈಗುಣದ ಮಾತು ದ್ವೀಪವೆಲ್ಲ ಹರಡುತ್ತಿತ್ತು. ಉಳಿಯದಿದ್ದರೂ ಮಾತು ಹರಡುತ್ತಿತ್ತು, ಇನ್ನೂ ಬೇಗ.

ಮೇಷ್ಟ್ರ ಹೊಸ ತೊಟ್ಟಿಗೆಂದು ಕಲ್ಲು ಬಂದ ಮೊದಲೆರಡು ವಾರ ಹಿತ್ತಿಲಿನ ಕಡೆ ಯಾರೂ ಸುಳಿಯುವಂತಿರಲಿಲ್ಲ. ಚೈಹಾ ಕಲ್ಲನ್ನು ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರಿನೊಳಗೆ ಮುಳುಗಿಸಿ, ಬೆಳಕು ಬೀಳದಂತೆ ಮುಚ್ಚಿ, ನೀರು ಸುತ್ತುತ್ತಿರಲೆಂದು ಪಂಪು ಹಾಕಿದ್ದಳು. ಪಕ್ಕದ ಚಿಕ್ಕ ತೊಟ್ಟಿಯಲ್ಲಿ ಹಾಗೆಯೇ, ಬೇರೊಂದು ಪಂಪು ಹಾಕಿ, ಮರಳು. ದಾರಿಯಲ್ಲಿ ಸತ್ತದ್ದೆಲ್ಲ ಕೊಳೆಯುತ್ತಿತ್ತು. ಅದನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ತೆಗೆದು, ವಾರಕ್ಕೊಮ್ಮೆ ನೀರು ಬದಲಾಯಿಸುತ್ತಿದ್ದಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಯಾರನ್ನ ಕೊಂದು ಹೂತಿಟ್ಟಿದೀರಿ, ಹೇಳ್ಬಿಡಿ, ನಾನು ಯಾರಿಗೂ ಹೇಳಲ್ಲ" ಎಂದು ಕೂಗಿದಳು.

"ನಿನ್ ಗಂಡ ಮನೇಲಿದಾನಾ ನೋಡ್ಕೋ ಹೋಗು" ಎಂದು ಬೊಂಗ್ಯೋ ಇತ್ತಲಿಂದ ಕೂಗಿದಳು.

ಆ ವಾಸನೆ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಅವಳ ಯೌವನವೆಲ್ಲ ಅದೇ ವಾಸನೆಯಲ್ಲಿ ಕಳೆದದ್ದು. ಅವಳಿಗೆ ಹಿಡಿಸದಿದ್ದದ್ದು ಸೊಸೆಯ ಕೆಲಸದ ರೀತಿ. ಉಪ್ಪು ಬಿಡಿಸಬೇಕಾದ ಕಲ್ಲನ್ನು ಉಪ್ಪಿನಲ್ಲೇ ನೆನೆಹಾಕುತ್ತಾರೆಯೇ? ಬಿಸಿಲು ಕಾಣಿಸಬೇಕಾದದ್ದನ್ನು ಮುಚ್ಚಿಡುತ್ತಾರೆಯೇ? ಒಂದು ದಿನ ಬೆಳಿಗ್ಗೆ ಗೆಣಸಿನ ಗಂಜಿ ಬಡಿಸುತ್ತಾ ಕೇಳಿಯೇಬಿಟ್ಟಳು. ಚೈಹಾಗೆ ಖುಷಿಯಾಯಿತು. ಅತ್ತೆ ತನ್ನ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು.

"ಅದು ಹಾಗಲ್ಲ ಅಬೂ" ಎಂದಳು. ಅಬೂ ಎಂದರೆ ಅಮ್ಮ. ಅಲ್ಲಿ ಅತ್ತೆಯನ್ನೂ ಹಾಗೇ ಕರೆಯುವುದು. "ಈ ಕಲ್ಲಿನ ಒಳಗಡೆ ಇದೆಯಲ್ಲ, ಅಲ್ಲಿ ಕಣ್ಣಿಗೆ ಕಾಣದೇ ಇರೋವಷ್ಟು ಸಣ್ಣ..."

"ಕಲ್ಲಿನ ವಿಷಯ ನಂಗೇ ಹೇಳ್ಕೊಡ್ತೀಯೇನೇ? ನಿನ್ ಗಂಡ ಹುಟ್ಟೋಕೆ ಮುಂಚೆ ನಾನು ಕಲ್ಲು ಹೊತ್ತಿದೀನಿ. ತಿನ್ನು, ಗಂಜಿ ಆರೋಗುತ್ತೆ."

ಚೈಹಾ ಗಂಜಿ ತಿಂದಳು. ಆ ದಿನ ಆ ಮಾತು ಪೂರ್ತಿಯಾಗಿದ್ದರೆ ನನಗೆ ಈ ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಆರನೆಯ ವಾರದ ಹೊತ್ತಿಗೆ ವಾಸನೆ ಹೋಯಿತು. ಚೈಹಾ ದಿನಾ ಒಂದು ಸೀಸೆಯಲ್ಲಿ ತೊಟ್ಟಿಯ ನೀರು ಹಿಡಿದು, ಔಷಧಿಯ ಹನಿ ಹಾಕಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹಸಿರಾದರೆ ನೀರಿನಲ್ಲಿ ವಿಷವಿದೆ ಎಂದರ್ಥ, ಹಳದಿಯಾಗಿಯೇ ಉಳಿದರೆ ಇಲ್ಲ. ಸತತ ಐದು ದಿನ ಹಳದಿ ಬಂತು. ಮೇಷ್ಟ್ರ ಮನೆಯಲ್ಲಿ ಹೊಸ ತೊಟ್ಟಿ ಬಂದು ಕೂತಿತ್ತು, ಬರುವ ಶುಕ್ರವಾರ ಮೀನು ಸಾಕಣೆಯವರು ಗಾಡಿಯಲ್ಲಿ ಸಮುದ್ರದ ನೀರು ತಂದು ತುಂಬಿಸುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಸಮುದ್ರದಾಚೆ ಕಾವ್‌ಶುಂಗ್ ನಗರದಲ್ಲಿದ್ದ ತನ್ನ ತಾಯಿಯ ಕಣ್ಣಿನ ಪೊರೆ ತೆಗೆಸಲು ಚೈಹಾ ನಾಲ್ಕು ದಿನಕ್ಕೆ ಹೊರಡಬೇಕಾಯಿತು.

"ಅಬೂ, ಪಂಪು ಆರಿಸ್ಬೇಡಿ. ನೀರು ಈ ಗೆರೆಗಿಂತ ಕೆಳಗೆ ಹೋದ್ರೆ ಒಂದು ಚೊಂಬು ಸಿಹಿನೀರು ಹಾಕಿ, ಸಾಕು. ಇನ್ನೇನೂ ಮಾಡೋದು ಬೇಡ. ಕಲ್ಲು ಹದವಾಗಿದೆ, ನೋಡಿ, ವಾಸನೆ ಸ್ವಲ್ಪಾನೂ ಇಲ್ಲ."

"ಹೋಗಿ ಬಾರೇ ತಾಯಿ. ಎಪ್ಪತ್ತಾರು ವರ್ಷ ಬದುಕಿದೀನಿ, ನಾಲ್ಕು ದಿನ ಒಂದು ಪಂಪು ನೋಡ್ಕೊಳ್ಳೋಕಾಗಲ್ವಾ?"

ಮೊದಲ ದಿನ ಅವಳು ನಿಜವಾಗಿಯೂ ಏನೂ ಮಾಡಲಿಲ್ಲ. ಒಂದು ಚೊಂಬು ನೀರು ಹಾಕಿದಳು. ಮುಚ್ಚಳ ತೆರೆದದ್ದರಿಂದ ಹಾಗೇ ಬಗ್ಗಿ ಮೂಸಿದಳು. ಸಮುದ್ರದ ವಾಸನೆ. ಹುಡುಗಿ ವಾಸನೆಯೇ ಇಲ್ಲ ಎಂದಿದ್ದಳಲ್ಲ! ಒಂದು ಕಲ್ಲು ಎತ್ತಿ ನಾಲಿಗೆ ಚಾಚಿ ನೆಕ್ಕಿದಳು. ಉಪ್ಪು, ಬಾಯಿ ಕಹಿಯಾಗುವಷ್ಟು ಉಪ್ಪು. ಅಷ್ಟರಲ್ಲಿ ಒಂದು ತೂತಿನಿಂದ ಗುಲಾಬಿ ಬಣ್ಣದ ಹುಳವೊಂದು ಮೀಸೆಯಂಥದ್ದನ್ನು ಆಡಿಸುತ್ತಾ ಹೊರಗೆ ಇಣುಕಿತು. ಇನ್ನೊಂದು ತೂತಿನಲ್ಲಿ ಕಾಳಿನಷ್ಟು ದಪ್ಪದ ಏಡಿ.

ಬೊಂಗ್ಯೋ ಕಲ್ಲನ್ನು ದೂರ ಹಿಡಿದಳು. ಇದನ್ನೇ ಹದವಾಗಿದೆ ಎಂದು ಮೇಷ್ಟ್ರ ಮನೆಗೆ ಒಯ್ಯುತ್ತಾಳಲ್ಲ! ಗಾಜಿನ ತೊಟ್ಟಿಯೊಳಗೆ ಈ ಹುಳವೆಲ್ಲ ಸತ್ತು ಕೊಳೆತರೆ? ಊರಿನವರೆಲ್ಲ ಏನೆಂದಾರು? ಬೊಂಗ್ಯೋಳ ಸೊಸೆಗೆ ಕಲ್ಲು ಹದ ಮಾಡಲು ಬರುವುದಿಲ್ಲ ಎಂದಾರು. ಆ ಮಾತನ್ನು ಅವಳು ಮನಸ್ಸಿನಲ್ಲಿ ಕೇಳಿಸಿಕೊಂಡದ್ದೇ ಮೈಯೆಲ್ಲ ಉರಿಯಿತು. ಪಾಪ, ಹೇಳಿಕೊಡುವವರಿಲ್ಲದೆ ಹುಡುಗಿ ಹೀಗೆ ಮಾಡಿಕೊಂಡಿದೆ, ತಪ್ಪು ತನ್ನದೇ, ಇಷ್ಟು ದಿನ ಕೈಕಟ್ಟಿ ಕೂತದ್ದು ತಪ್ಪು ಎಂದು ಅವಳಿಗೆ ಖಂಡಿತವಾಗಿ ಅನಿಸಿತು. ಸೊಸೆಯ ಮೇಲೆ ಅವಳಿಗೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು ಎಂದರೂ ತಪ್ಪಿಲ್ಲ.

ಮೂರು ದಿನ ದುಡಿದಳು. ಆ ದ್ವೀಪದಲ್ಲಿ ಮಳೆ ಅಪರೂಪ. ನಲ್ಲಿ ಬಂದು ಎಷ್ಟೋ ವರ್ಷವಾಗಿದ್ದರೂ ಅವಳು ಚಹಾಕ್ಕೆ, ದೇವರ ಮುಂದಿನ ಬಟ್ಟಲಿಗೆ ಮಳೆನೀರನ್ನೇ ಕೂಡಿಟ್ಟು ಬಳಸುವವಳು. ಆ ನೀರನ್ನೇ ಬಕೆಟ್ಟು ಬಕೆಟ್ಟಾಗಿ ಎತ್ತಿ ತಂದಳು. ಇಪ್ಪತ್ತಮೂರು ಕಲ್ಲು, ಒಂದೊಂದನ್ನೂ ಸಿಹಿನೀರಿನಲ್ಲಿ ಅದ್ದಿ, ನಾರಿನ ಬ್ರಷ್ಷಿನಿಂದ ತಿಕ್ಕಿ, ಹುಳ ಕಂಡರೆ ಕಡ್ಡಿಯಿಂದ ಕೆದಕಿ ತೆಗೆದು, ಹಿತ್ತಿಲಿನ ಕಟ್ಟೆಯ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟಳು. ತೊಟ್ಟಿಯ ಉಪ್ಪುನೀರನ್ನು ಚರಂಡಿಗೆ ಚೆಲ್ಲಿದಳು. ಪಂಪು ಆರಿಸಬೇಡ ಎಂದಿದ್ದಳಲ್ಲ, ಅದನ್ನು ಮಾತ್ರ ಮಾತಿನಂತೆ ನಡೆಸಲು ಹೋಗಿ, ಖಾಲಿ ತೊಟ್ಟಿಯಲ್ಲಿ ಅದು ಕಿರುಚಿದ ಮೇಲೆ ಆರಿಸಿದಳು. ಮರಳೊಂದು ಉಳಿಯಿತು. ಸೊಂಟ ಹಿಡಿದುಕೊಂಡಿದ್ದರಿಂದ ಮರಳನ್ನು ನಾಳೆ ತೊಳೆದರಾಯಿತು ಎಂದು ಬಿಟ್ಟಳು.

ಬುಧವಾರ ಸಂಜೆ ಚೈಹಾ ಬಂದಳು. ಗಾಳಿ ಎದ್ದಿತ್ತು, ಅವಳು ಬಂದದ್ದೇ ಕೊನೆಯ ಹಡಗು. ಚೀಲ ಇಳಿಸದೆ ನೇರ ಹಿತ್ತಿಲಿಗೆ ಹೋದಳು. ಬೊಂಗ್ಯೋ ಬಾಗಿಲಲ್ಲಿ ನಿಂತು, ಒಂದು ಒಳ್ಳೆಯ ಮಾತಿಗಾಗಿ ಕಾದಳು.

"ಏನು, ಬಾಯಿ ಬಿಡ್ತಾನೇ ಇಲ್ಲ? ಇದು ಕಣೇ ಹದ ಅಂದ್ರೆ. ಇನ್ನೊಂದು ನಾಲ್ಕು ಮಳೆ ಬಿದ್ರೆ ಉಪ್ಪೆಲ್ಲ ಇಳಿಯುತ್ತೆ. ಒಳಗಡೆ ಹುಳ ಬೇರೆ ಇದ್ವು, ಒಂದೂ ಬಿಡದೆ ತೆಗ್ದಿದೀನಿ."

ಚೈಹಾ ಒಂದು ಕಲ್ಲನ್ನು ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಇನ್ನೊಂದನ್ನು. ಹೀಗೆ ಆರೇಳು ಕಲ್ಲು ನೋಡಿ, ಖಾಲಿ ತೊಟ್ಟಿಯ ಅಂಚಿನ ಮೇಲೆ ಕುಳಿತಳು.

"ಅಬೂ, ಆ ಹುಳ ಇರ್ಬೇಕಿತ್ತು" ಎಂದಳು. "ಅವೆಲ್ಲ ಜೀವಂತವಾಗಿರ್ಬೇಕಿತ್ತು. ಮೀನಿನ ಹೊಲಸನ್ನ ತಿಂದು ನೀರನ್ನ ಶುದ್ಧವಾಗಿಡೋದು ಈ ಕಲ್ಲೊಳಗಿನ ಜೀವಾನೇ. ಅದಕ್ಕೇ ಇದನ್ನ ಜೀವದ ಕಲ್ಲು ಅನ್ನೋದು. ಈಗೆಲ್ಲಾ ಸತ್ತೋಗಿದೆ."

"ಸತ್ರೆ ಒಳ್ಳೇದೇ ಅಲ್ವಾ" ಎಂದಳು ಬೊಂಗ್ಯೋ. ಆದರೆ ದನಿ ಅರ್ಧಕ್ಕೇ ಸಣ್ಣದಾಯಿತು. ಸೊಸೆಯ ಮುಖ ನೋಡಿ ಬಾಗಿಲಿನಿಂದ ಹಿಂದೆ ಸರಿದಳು. ಒಳಗೆ ಹೋಗಿ ಹೀರೆಕಾಯಿ ಹೆಚ್ಚಲು ಕುಳಿತಳು. ಐದು ನಿಮಿಷಕ್ಕೆ ಮುಗಿಯುವ ಕೆಲಸ ಅವತ್ತು ಅರ್ಧ ಗಂಟೆಯಾದರೂ ಮುಗಿಯಲಿಲ್ಲ.

ಅಲ್ಲಿ ಕೂತಾಗಲೇ ಹಿತ್ತಿಲಿನಿಂದ ಚೈಹಾ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಮೇಷ್ಟ್ರೇ, ಶುಕ್ರವಾರ ಆಗಲ್ಲ ಅನ್ಸುತ್ತೆ. ಕಲ್ಲು ಕೆಟ್ಟೋಯ್ತು. ಇಲ್ಲ ಇಲ್ಲ, ಯಾರೂ ಅಲ್ಲ, ನನ್ನ ಕೈಯಲ್ಲೇ ಕೆಟ್ಟಿದ್ದು. ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ."

ಬೊಂಗ್ಯೋಳ ಕೈಯಲ್ಲಿದ್ದ ಚಾಕು ನಿಂತಿತು. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಅದರ ಬದಲು ಹುಡುಗಿ ತಪ್ಪನ್ನು ತನ್ನ ತಲೆಗೇ ಕಟ್ಟಿಕೊಂಡಳು. ಐವತ್ತನಾಲ್ಕು ವರ್ಷ ಯಾರ ಮುಂದೆಯೂ ತಗ್ಗದ ತಲೆ ಹೀರೆಕಾಯಿಯ ಬುಟ್ಟಿಯ ಮುಂದೆ ತಗ್ಗಿತು. ಅವಳಿಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಅದನ್ನು ಈರುಳ್ಳಿಯ ಮೇಲೆ ಹಾಕೋಣವೆಂದರೆ ಹೆಚ್ಚುತ್ತಿದ್ದದ್ದು ಹೀರೆಕಾಯಿ.

ಮರುದಿನ ಬೆಳಿಗ್ಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಸಿನ್ ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಟಬ್ಬಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಹಿಂದಿನ ದಿನ ದೋಣಿಕಟ್ಟೆಯಲ್ಲಿ ನೀರು ತುಂಬುವಾಗ ಅಲೆ ಬಡಿದು ಜಾರಿದ್ದರು.

"ಬನ್ನಿ ಬೊಂಗ್ಯೋ ಅಕ್ಕ. ಏನು ಇಷ್ಟೊತ್ತಿಗೆ?"

"ಕಲ್ಲು ಕೆಡಿಸಿದ್ದು ನಾನು" ಎಂದಳು ಬೊಂಗ್ಯೋ, ನಿಂತ ಕಡೆಯೇ. "ಅವಳಲ್ಲ. ಅವಳು ಊರಲ್ಲಿರ್ಲಿಲ್ಲ. ನಾನು ತೊಳೆದು ಒಣಗಿಸ್ಬಿಟ್ಟೆ. ಅವಳು ಬೇಡ ಅಂದಿದ್ಲು. ಇದನ್ನ ಹೇಳೋಕೇ ಬಂದೆ."

ಮೇಷ್ಟ್ರು ಅವಳನ್ನೇ ನೋಡಿದರು. ಐವತ್ತು ವರ್ಷದಲ್ಲಿ ಈ ಹೆಂಗಸಿನ ಬಾಯಿಂದ ಇಂಥ ಮಾತು ಅವರು ಕೇಳಿರಲಿಲ್ಲ. "ಕೂತ್ಕೊಳ್ಳಿ ಅಕ್ಕ" ಎಂದಷ್ಟೇ ಹೇಳಿದರು.

ಟಬ್ಬಿನಲ್ಲಿ ಹೆಡ್‌ಮಿಸ್ಟ್ರೆಸ್ ಒಂದು ಮೂಲೆಗೆ ಮೈ ಒತ್ತಿಕೊಂಡಿತ್ತು. ಕಿತ್ತಳೆ ಬಣ್ಣ ಮಾಸಿ ಹಳೆಯ ಇಟ್ಟಿಗೆಯ ಹಾಗಾಗಿತ್ತು. ಜವಾನ ಅದರ ಸುತ್ತ ಗಾಬರಿಯಿಂದ ಸುತ್ತುತ್ತಿತ್ತು.

"ಐದು ದಿನ ಆಯ್ತು, ಏನೂ ತಿಂದಿಲ್ಲ" ಎಂದರು ಮೇಷ್ಟ್ರು. "ಬೋಳು ಟಬ್ಬು ನೋಡಿ, ಬಚ್ಚಿಟ್ಕೊಳ್ಳೋಕೆ ಒಂದು ಸಂದಿಲ್ಲ. ಹಗಲೂ ಹೆದರ್ಕೊಂಡೇ ಇರುತ್ತೆ. ನೀರೂ ಇನ್ನು ನನ್ನ ಕೈಲಿ ಹೊರೋಕಾಗಲ್ಲ. ಇನ್ನೂ ಒಂದೂವರೆ ತಿಂಗಳು ಅಂದ್ರೆ..." ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಮನುಷ್ಯ ಒಂದು ಬೆರಳನ್ನು ನೀರಿನಲ್ಲಿ ಇಳಿಸಿ ಕೂತಿದ್ದರು.

ಬೊಂಗ್ಯೋ ಮನೆಗೆ ಓಡಿದಳು ಎಂದರೆ ಸುಳ್ಳಾದೀತು, ಸೊಂಟ ಹಿಡಿದಿತ್ತಲ್ಲ. ಆದರೆ ಎದುರುಗಾಳಿಯಲ್ಲಿ ಅವಳಷ್ಟು ಬೇಗ ಅವತ್ತು ಯಾರೂ ನಡೆದಿರಲಾರರು. ಚೈಹಾ ಮರಳಿನ ತೊಟ್ಟಿಯ ಪಕ್ಕ ಸೀಸೆ ಹಿಡಿದು ಕೂತಿದ್ದಳು.

"ಚೈಹಾ, ಹೇಳ್ಕೊಡು" ಎಂದಳು ಬೊಂಗ್ಯೋ. "ಕಲ್ಲಿನ ವಿಷಯ ಹೇಳ್ಕೊಡು. ಅವತ್ತು ಗಂಜಿ ಆರುತ್ತೆ ಅಂದ್ನಲ್ಲ, ಅಲ್ಲಿಂದ."

ಚೈಹಾ ಸೀಸೆಯನ್ನು ಕೆಳಗಿಟ್ಟು ಹೇಳಿದಳು. ಮರಳು ಉಳಿದಿದೆ. ಅದರಲ್ಲಿ ಜೀವವಿದೆ, ಈಗ ತಾನೇ ಹನಿ ಹಾಕಿ ನೋಡಿದ್ದಾಳೆ, ಹಳದಿ. ಎರಡು ಮೀನಿನ ಹೊಲಸಿಗೆ ಸದ್ಯಕ್ಕೆ ಆ ಮರಳು ಸಾಕು. ಆದರೆ ಮೀನಿಗೆ ಅಡಗಲು ಕಲ್ಲು ಬೇಕು, ಮರಳಿನ ಜೀವ ಹಬ್ಬಿ ಬೆಳೆಯಲೂ ಕಲ್ಲೇ ಬೇಕು. ತೊಳೆದ ಕಲ್ಲನ್ನು ಹಾಕಿದರೆ ಒಳಗೆ ಸತ್ತಿರುವುದೆಲ್ಲ ನೀರಿನಲ್ಲಿ ಕೊಳೆತು ಮೂರು ದಿನದಲ್ಲಿ ವಿಷವಾಗುತ್ತದೆ.

"ಸತ್ತಿದ್ದೇನೂ ಒಳಗಿಲ್ಲದ ಕಲ್ಲು ಬೇಕು ಅಬೂ. ಪೂರ್ತಿ ಒಣಗಿ, ಪೂರ್ತಿ ಶುದ್ಧವಾಗಿರೋದು. ಕಾವ್‌ಶುಂಗ್ ಅಂಗಡೀಲಿ ಸಿಗುತ್ತೆ. ಆದ್ರೆ ಹಡಗು ನಿಂತಿದೆ, ನಿಮ್ಮ ಮಗಾನೇ ಆಚೆ ದಡದಲ್ಲಿ ಸಿಕ್ಕಾಕೊಂಡಿದಾರೆ."

"ಸತ್ತಿದ್ದೇನೂ ಒಳಗಿಲ್ಲದ್ದು" ಎಂದು ಬೊಂಗ್ಯೋ ಮೆಲ್ಲಗೆ ತನಗೇ ಹೇಳಿಕೊಂಡಳು. ಆಮೇಲೆ ಸೊಸೆಯ ತೋಳು ಹಿಡಿದು ಎಬ್ಬಿಸಿ, ಮನೆಯ ಹಿಂದಿನ ತೋಟಕ್ಕೆ ದರದರ ಎಳೆದುಕೊಂಡು ಹೋದಳು. ಅಲ್ಲಿ ಬಡಗಣ ಗೋಡೆಯ ಮುಂದೆ ನಿಲ್ಲಿಸಿದಳು. ಎದೆಯೆತ್ತರದ ಗೋಡೆ, ಒಳಗಡೆ ಎಳೆಯ ಕೋಸು, ಹೀರೆಯ ಬಳ್ಳಿ.

"ನೆಕ್ಕು."

"ಏನಬೂ?"

"ಗೋಡೆ ನೆಕ್ಕೇ."

ಚೈಹಾ ಅತ್ತ ಇತ್ತ ನೋಡಿ, ಪಕ್ಕದ ಮನೆಯಾಕೆ ಕಾಣುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಕಲ್ಲಿಗೆ ನಾಲಿಗೆ ತಾಗಿಸಿದಳು.

"ಗಾಳಿಯ ಉಪ್ಪು ಇದೆ."

"ಮೇಲ್ಗಡೆ ಇರುತ್ತೆ. ಇದರ ಒಳಗೆ ನೋಡು" ಎಂದು ಬೊಂಗ್ಯೋ ಗೋಡೆಯ ಮೇಲಿನ ಸಾಲಿನಿಂದ ಒಂದು ಕಲ್ಲನ್ನು ಎತ್ತಿ, ಕೆಳಗಿನ ಮಗ್ಗುಲನ್ನು ತಿರುಗಿಸಿ ಹಿಡಿದಳು. ಚೈಹಾ ನೆಕ್ಕಿದಳು, ಮೂಸಿದಳು, ಉಗುರಿನಿಂದ ತಟ್ಟಿದಳು. ಕಲ್ಲು ಗಡಿಗೆಯ ಹಾಗೆ ಟಣ್ಣೆಂದಿತು.

"ಏನೂ ಇಲ್ಲ" ಎಂದಳು ಆಶ್ಚರ್ಯದಿಂದ. "ಏನಂದ್ರೆ ಏನೂ ಇಲ್ಲ!"

"ಹೆಂಗಿರುತ್ತೆ? ನಾನು ಈ ಮನೆಗೆ ಬಂದ ವರ್ಷ ಕಟ್ಟಿದ ಗೋಡೆ. ಅದಕ್ಕೂ ಮುಂಚೆ ಎರಡು ವರ್ಷ ನಮ್ಮತ್ತೆ ಈ ಕಲ್ಲನ್ನ ಮಳೇಲಿ ಬಿಟ್ಟಿದ್ಲು. ಐವತ್ತಾರು ವರ್ಷದ ಹದ ಕಣೇ ಇದು. ಎಷ್ಟು ಬೇಕು, ತಗೋ."

ಚೈಹಾ ತಕ್ಷಣ ಒಪ್ಪಲಿಲ್ಲ. ಬಡಗಣ ಗೋಡೆ ಬಿಚ್ಚಿದರೆ ಈ ಗಾಳಿಗೆ ಕೋಸು ಎರಡೇ ದಿನದಲ್ಲಿ ಕರಕಾಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. "ಬೇಡ ಅಬೂ, ನಿಮ್ಮ ಗೋಡೆ" ಎಂದಳು.

"ನನ್ನ ಗೋಡೆ, ನನ್ನಿಷ್ಟ" ಎಂದು ಬೊಂಗ್ಯೋ ಎರಡನೆಯ ಕಲ್ಲಿಗೆ ಕೈಹಾಕಿದಳು.

ಹದಿನೆಂಟು ಕಲ್ಲು ಬಿಚ್ಚಿದರು. ಗೋಡೆಯಲ್ಲಿ ಬಾಗಿಲಿನಷ್ಟು ದೊಡ್ಡ ತೆರಪು ಬಿತ್ತು, ಗಾಳಿ ಅಲ್ಲಿಂದ ನುಗ್ಗಿ ಹೀರೆಬಳ್ಳಿಯನ್ನು ಎಳೆದಾಡಿತು. ಬೊಂಗ್ಯೋ ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹಿತ್ತಿಲಿಗೆ ಹೋಗಿ, ಕಟ್ಟೆಯ ಮೇಲೆ ಒಣಗುತ್ತಿದ್ದ ಆ ಸತ್ತ ಕಲ್ಲುಗಳನ್ನು ಒಂದೊಂದಾಗಿ ತಂದು ತೆರಪಿಗೆ ಇಡತೊಡಗಿದಳು. "ವರ್ಷ ಆದ್ಮೇಲೆ ಇವೂ ಹದಕ್ಕೆ ಬರ್ತವೆ. ಅಲ್ಲೀವರೆಗೂ ಇಲ್ಲೇ ನಾರ್ಕೊಂಡಿರ್ಲಿ. ಕೋಸಿಗೇನು ಮೂಗಿದೆಯಾ?" ಎಂದಳು. ಚೈಹಾ ನಗಲು ಹೋಗಿ ಅತ್ತಳು, ಅತ್ತೆಗೆ ಕಾಣದಂತೆ ಕಲ್ಲು ತಿಕ್ಕುವ ನೆಪದಲ್ಲಿ ತಲೆ ಬಗ್ಗಿಸಿದಳು. ಕಂಡಿತ್ತು. ಬೊಂಗ್ಯೋ ಕಾಣದವಳ ಹಾಗಿದ್ದಳು.

ಶುಕ್ರವಾರ, ಮೊದಲು ಮಾತಾಗಿದ್ದ ಹಾಗೆಯೇ, ಮೇಷ್ಟ್ರ ಮನೆಗೆ ನೀರಿನ ಗಾಡಿ ಬಂತು. ಚೈಹಾ ಹೊಸ ತೊಟ್ಟಿಯ ತಳದಲ್ಲಿ, ಜೀವ ಕೆಡದಂತೆ ಒದ್ದೆಯಾಗಿಯೇ ಮರಳನ್ನು ಹರಡಿದಳು. ಕಲ್ಲು ಜೋಡಿಸುವ ಹೊತ್ತಿಗೆ ಅಂಟು ಹೊರತೆಗೆದಳು.

"ಅದೇನು?"

"ಅಂಟು ಅಬೂ. ಕಲ್ಲು ಬೀಳದೇ ಇರೋಕೆ."

"ನಾನಿದೀನಿ, ಅಂಟು ಯಾತಕ್ಕೆ? ಹೇಳು, ನಿಂಗೆ ಹೆಂಗಿರ್ಬೇಕು?"

"ನೀರು ಒಳಗೆಲ್ಲ ಸುತ್ತಾಡ್ಬೇಕು, ಎಲ್ಲೂ ನಿಲ್ಲಬಾರ್ದು. ಮೀನಿಗೆ ಎರಡು ಗೂಡು."

ನೀರು ಸುತ್ತಾಡಬೇಕು, ಕಲ್ಲು ಬೀಳಬಾರದು. ಐವತ್ತನಾಲ್ಕು ವರ್ಷ ಅವಳು ಗಾಳಿಗೆ ಮಾಡಿದ್ದೂ ಇದನ್ನೇ. ಸಂದು ಬಿಡದೆ ಕಟ್ಟಿದ ಗೋಡೆ ಮೊದಲ ಚಳಿಗಾಲಕ್ಕೇ ಉರುಳುತ್ತದೆ. ಬೊಂಗ್ಯೋ ತೋಳು ಮಡಚಿ, ಒಂದೊಂದು ಕಲ್ಲನ್ನೂ ಕೈಯಲ್ಲಿ ತಿರುಗಿಸಿ ಅದರ ಮುಖ ಹುಡುಕಿ, ಇಟ್ಟಳು. ಒಮ್ಮೆ ಇಟ್ಟ ಕಲ್ಲನ್ನು ಮತ್ತೆ ಎತ್ತಲಿಲ್ಲ. ಮುಗಿದ ಮೇಲೆ ಅಂಗೈಯಿಂದ ಬಲವಾಗಿ ಒತ್ತಿ ನೋಡೆಂದಳು. ಚೈಹಾ ಒತ್ತಿದಳು, ಮೇಷ್ಟ್ರು ಒತ್ತಿದರು. ಅಲುಗಲಿಲ್ಲ.

"ಈ ವಿದ್ಯೆ ನನಗಿಲ್ಲ ಅಬೂ" ಎಂದಳು ಚೈಹಾ.

"ಕಲಿಸ್ತೀನಿ. ನೀನೂ ನನಗೆ ಕಲಿಸ್ದೆಯಲ್ಲ" ಎಂದಳು ಬೊಂಗ್ಯೋ. ಅವಳು ಯಾರಿಗೂ ಇಂಥದ್ದು ಹೇಳಿದವಳಲ್ಲ. ಹೇಳಿದ ಮೇಲೆ ಮುಖಕ್ಕೆ ಬಟ್ಟೆ ಸರಿಯಾಗಿ ಸುತ್ತಿಕೊಂಡಳು.

ಮೀನು ಬಿಟ್ಟಾಗ ಹೆಡ್‌ಮಿಸ್ಟ್ರೆಸ್ ನೇರ ಕಲ್ಲಿನ ಗೂಡಿಗೆ ನುಗ್ಗಿ ಮಾಯವಾಯಿತು. ಜವಾನ ಹಿಂದೆಯೇ ಹೋಯಿತು. ಶನಿವಾರ ಹೊರಬರಲಿಲ್ಲ. ಭಾನುವಾರ ಒಂದು ತಲೆ ಕಂಡಿತು. ಚೈಹಾ ದಿನಾ ಎರಡು ಸಲ ಹನಿ ಹಾಕಿ ನೋಡುತ್ತಿದ್ದಳು. ಹಳದಿ, ಹಳದಿ, ಒಂದು ದಿನ ಹಸಿರಿನ ಛಾಯೆ ಕಂಡು ಮೂವರ ಜೀವವೂ ಬಾಯಿಗೆ ಬಂತು, ಮತ್ತೆ ಹಳದಿ. ಬುಧವಾರ ಮೇಷ್ಟ್ರು ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡೇ ಬೀದಿಯ ಉದ್ದಕ್ಕೂ ಬಂದು, ಬಾಗಿಲಲ್ಲಿ ನಿಂತು ಕೂಗಿದರು: "ತಿಂತು! ಬೊಂಗ್ಯೋ ಅಕ್ಕ, ತಿಂತು! ತಿಂದು ಜವಾನನ್ನ ಅಟ್ಟಿಸ್ಕೊಂಡೂ ಹೋಯ್ತು!"

ಆಮೇಲಿನ ದಿನಗಳಲ್ಲಿ ಬೊಂಗ್ಯೋ ದಿನಾ ಸಂಜೆ, ನೆಲಗಡಲೆ ಬೇಯಿಸಿದ್ದು ಒಂದು ಬಟ್ಟಲು ಹಿಡಿದುಕೊಂಡು, ಮೇಷ್ಟ್ರ ತೊಟ್ಟಿಯ ಮುಂದೆ ಹೋಗಿ ಕೂರುತ್ತಿದ್ದಳು. ಮೀನು ನೋಡಲು ಎಂದು ಮೇಷ್ಟ್ರು ತಿಳಿದಿದ್ದರು. ಅವಳು ನೋಡುತ್ತಿದ್ದದ್ದು ಕಲ್ಲನ್ನು. ಬೆಳ್ಳಗಿದ್ದ ಕಲ್ಲಿಗೆ ಮೊದಲು ಕಂದು ಬಣ್ಣ ಹತ್ತಿತು, ಆಮೇಲೆ ಅಲ್ಲಲ್ಲಿ ಹಸಿರು. ಕನ್ನಡಕ ಹಾಕಿಕೊಂಡು, ಗಾಜಿಗೆ ಮೂಗು ತಾಗಿಸಿ, ಒಂದೊಂದು ತೂತನ್ನೂ ಪರೀಕ್ಷಿಸುತ್ತಿದ್ದಳು. ಏನು ಹುಡುಕುತ್ತಿದ್ದಾಳೆಂದು ಯಾರು ಕೇಳಿದರೂ ಹೇಳುತ್ತಿರಲಿಲ್ಲ.

ಹೊಸ ವರ್ಷದ ಹಬ್ಬಕ್ಕೆ ಹತ್ತು ದಿನವಿತ್ತು. ಚೈಹಾ ಮೇಷ್ಟ್ರ ಮನೆಯ ಬಾಗಿಲ ಬಳಿ ಕೂತು ಅವರೊಡನೆ ಹೊಸ ಕೆಲಸದ ಮಾತಾಡುತ್ತಿದ್ದಳು. ದಂತವೈದ್ಯರೊಬ್ಬರು ದೊಡ್ಡ ತೊಟ್ಟಿ ಬೇಕೆಂದು ಫೋನು ಮಾಡಿದ್ದರು. ಒಳಗಿನಿಂದ ಬೊಂಗ್ಯೋಳ ಕೂಗು ಕೇಳಿ ಇಬ್ಬರೂ ಗಾಬರಿಯಿಂದ ಓಡಿದರು. ಅವಳು ನೆಲಗಡಲೆ ಚೆಲ್ಲಾಡಿಕೊಂಡು, ಗಾಜಿಗೆ ಬೆರಳು ಒತ್ತಿ ನಿಂತಿದ್ದಳು. ಕೆಳಗಿನ ಸಾಲಿನ ಒಂದು ಕಲ್ಲಿನ ತೂತಿನಿಂದ, ಮರಳಿನಿಂದ ಅಲ್ಲಿಗೆ ಹತ್ತಿ ಸೇರಿಕೊಂಡಿದ್ದ ನೂಲಿನಷ್ಟು ತೆಳ್ಳಗಿನ ಗುಲಾಬಿ ಹುಳವೊಂದು ಮೀಸೆ ಆಡಿಸುತ್ತ ಇಣುಕುತ್ತಿತ್ತು.

"ಹುಳ ಕಣೇ!" ಎಂದಳು ಬೊಂಗ್ಯೋ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. "ಚೈಹಾ, ನನ್ನ ಗೋಡೇಲಿ ಹುಳ ಬಿದ್ದಿದೆ!"